ಫೋನನ್ನು ಆರಿಸಿಕೊಂಡ ಮಗು

ಊಟದ ಹೊತ್ತಾಯಿತೆಂದರೆ ನೆದೆಲ್ಯಾ ಅಜ್ಜಿ ತಟ್ಟೆಗಿಂತ ಮೊದಲು ಫೋನು ಹುಡುಕುತ್ತಿದ್ದಳು. ಫೋನು ಸಿಕ್ಕರೆ ಊಟ, ಇಲ್ಲದಿದ್ದರೆ ಯುದ್ಧ. ಎರಡೂವರೆ ವರ್ಷದ ಮೊಮ್ಮಗ ಯಾವೋರ್ ಮೇಜಿನ ಮುಂದೆ ಕೂರಬೇಕು, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಬಣ್ಣಬಣ್ಣದ ಬಾತುಕೋಳಿಗಳು ಕುಣಿಯಬೇಕು, ಆಗ ಅವನ ಬಾಯಿ ತಾನಾಗಿ ತೆರೆಯುತ್ತಿತ್ತು. ಅಜ್ಜಿ ಆ ಬಾಯಿಗೆ ಕಾಳಿನ ಸಾರು, ಮೊಸರು, ಸಾರಿನಲ್ಲಿ ಅದ್ದಿದ ರೊಟ್ಟಿ ಎಲ್ಲವನ್ನೂ ತುಂಬುತ್ತಿದ್ದಳು. ತಾನು ಏನು ತಿಂದೆ, ಎಷ್ಟು ತಿಂದೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ತಟ್ಟೆ ಖಾಲಿಯಾಯಿತಲ್ಲ, ಅಜ್ಜಿಗೆ ಅಷ್ಟೇ ಸಾಕಾಗಿತ್ತು.

ಬಲ್ಗೇರಿಯಾದ ಬಾಲ್ಕನ್ ಬೆಟ್ಟದ ತಪ್ಪಲಿನ ಆ ಹಳ್ಳಿಯಲ್ಲಿ ಅವಳೊಬ್ಬಳೇ ಹೀಗೆ ಮಾಡುತ್ತಿದ್ದಳೆಂದಲ್ಲ. ಆ ಬೀದಿಯಲ್ಲಿ ಯಾರ ಮನೆಯ ಕಿಟಕಿಯಲ್ಲಿ ಇಣುಕಿದರೂ ಇದೇ ನೋಟ. ಆದರೆ ನೆದೆಲ್ಯಾ ಅಜ್ಜಿಯ ಹತ್ತಿರ ಒಂದು ಗಟ್ಟಿ ಕಾರಣವಿತ್ತು. ಯಾವೋರ್ ಫೋನನ್ನು ತಾನೇ ಆರಿಸಿಕೊಂಡಿದ್ದ.

ಅದು ಅವನ ಹೆಜ್ಜೆ ಹಬ್ಬದ ದಿನ. ಮಗು ನಡೆಯಲು ಕಲಿತಾಗ ಅಲ್ಲಿ ಪ್ರತಿ ಮನೆಯಲ್ಲೂ ಆ ಹಬ್ಬ ಮಾಡುತ್ತಾರೆ. ತಗ್ಗಾದ ಮೇಜಿನ ಮೇಲೆ ಕತ್ತರಿ, ಪುಸ್ತಕ, ಸೌಟು, ಸುತ್ತಿಗೆ, ಹೀಗೆ ಒಂದೊಂದು ಕಸುಬಿನ ಒಂದೊಂದು ವಸ್ತು ಇಡುತ್ತಾರೆ. ಗುಂಡನೆಯ ರೊಟ್ಟಿಯೊಂದನ್ನು ನೆಲದ ಮೇಲೆ ಉರುಳಿಸುತ್ತಾರೆ. ಮಗು ಅದರ ಹಿಂದೆಯೇ ತಪ್ಪುಹೆಜ್ಜೆ ಇಡುತ್ತ ಹೋಗಿ ಮೇಜಿನಿಂದ ಮೊದಲು ಯಾವುದನ್ನು ಎತ್ತಿಕೊಳ್ಳುತ್ತದೋ ಅದೇ ಅದರ ಮುಂದಿನ ಬಾಳು ಎಂದು ನಂಬುತ್ತಾರೆ. ನೆದೆಲ್ಯಾಳ ಗಂಡ ಗೆಂಚೋ ಇಕ್ಕಳ ಎತ್ತಿಕೊಂಡಿದ್ದನಂತೆ, ವಿದ್ಯುತ್ ಕೆಲಸದವನಾದ. ಮಗ ಪ್ಲಾಮೆನ್ ಅಳತೆಪಟ್ಟಿ ಎತ್ತಿಕೊಂಡಿದ್ದ, ಬಡಗಿಯಾದ. ಇನ್ನು ಮೊಮ್ಮಗ ಎಲ್ಲವನ್ನೂ ಬಿಟ್ಟು ನೆಟ್ಟಗೆ ಹೋಗಿ ಫೋನಿಗೆ ಕೈ ಹಾಕಿದನೆಂದರೆ ಮಾತಿಗೆ ಎಡೆಯೆಲ್ಲಿ? ಅಂದಿನಿಂದ ಅಜ್ಜಿ ಅವನ ಕೈಯಿಂದ ಫೋನು ಕಿತ್ತುಕೊಂಡದ್ದೇ ಇಲ್ಲ. ಮುಂದೆ ಇಂಜಿನಿಯರ್ ಆಗುವವನ ಕಸುಬಿಗೆ ಅಡ್ಡ ಬರುವುದುಂಟೇ?

ಬೇಸಿಗೆ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಪಕ್ಕದ ಮನೆಯ ಪೆನ್ಕಾ ಒಂದು ಬುಟ್ಟಿ ಪ್ಲಮ್ ಹಣ್ಣು ಹಿಡಿದು ಬಂದಳು. ಅವಳು ಊರಿನ ಶಿಶುವಿಹಾರದ ಶಿಕ್ಷಕಿ. ಊರಿನ ಅರ್ಧ ಜನ ಅವಳ ಕೈಯಲ್ಲಿ ಮೂಗು ಒರೆಸಿಕೊಂಡು ಬೆಳೆದವರು. ಯಾವೋರ್ ದ್ರಾಕ್ಷಿ ಚಪ್ಪರದ ಕೆಳಗೆ ಫೋನು ಹಿಡಿದು ಕೂತಿದ್ದ.

"ಯಾವೋರ್, ಬಾರೋ ಚಿನ್ನ, ಹಣ್ಣು ತಂದಿದೀನಿ," ಎಂದಳು ಪೆನ್ಕಾ.

ಅವನು ತಲೆ ಎತ್ತಲಿಲ್ಲ. ಅವಳು ಮತ್ತೆ ಕರೆದಳು. ಊಹೂಂ.

"ಅವನು ಹಾಗೇ ಕಣೇ," ಎಂದಳು ಅಜ್ಜಿ ಹೆಮ್ಮೆಯಿಂದ. "ಕೆಲಸ ಹಿಡಿದ ಅಂದ್ರೆ ಪಕ್ಕದಲ್ಲಿ ಸಿಡಿಲು ಬಿದ್ರೂ ತಿರುಗಲ್ಲ. ಇಂಗ್ಲಿಷ್ ಬೇರೆ ಬರುತ್ತೆ. ಯಾವೋರ್, ಪೆನ್ಕಾ ಅತ್ತೆಗೆ ಒಂಚೂರು ಹೇಳೋ."

"ಯೆಲ್ಲೋ. ಬ್ಲೂ. ಫೈವ್," ಎಂದ ಯಾವೋರ್, ಫೋನಿಗೆ.

"ನೋಡಿದ್ಯಾ?"

"ನೋಡಿದೆ ನೆದೆಲ್ಯಕ್ಕ. ಬಾಯಾರಿದ್ರೆ ಏನಂತಾನೆ?"

"ಏನೂ ಅನ್ನಲ್ಲ. ನನ್ನ ಕೈ ಹಿಡ್ಕೊಂಡು ನಲ್ಲಿ ಹತ್ರ ಎಳ್ಕೊಂಡು ಹೋಗ್ತಾನೆ."

"ಅವರಮ್ಮನ್ನ ಏನಂತ ಕರೀತಾನೆ?"

ಅಜ್ಜಿ ಹಣ್ಣೊಂದನ್ನು ಬಿಡಿಸಿ ಬೀಜ ತೆಗೆದಳು.

"ಹೋಗ್ಲಿ, ನಿಮ್ಮನ್ನ?"

"ನನ್ನನ್ನ ಕರೆಯೋಕೆ ನಾನೇನು ದೂರ ಇದೀನಾ? ಹಗಲೆಲ್ಲ ಪಕ್ಕದಲ್ಲೇ ಇರ್ತೀನಲ್ಲ."

ಪೆನ್ಕಾ ಬುಟ್ಟಿ ಕೆಳಗಿಟ್ಟು ಬೆಂಚಿನ ಮೇಲೆ ಕೂತಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ಮಕ್ಕಳು ಎರಡು ಮೂರು ಮಾತು ಜೋಡಿಸಿ ಕೇಳ್ತವೆ. 'ಅಮ್ಮ ನೀರು ಕೊಡು' ಅಂತವೆ. ಕರೆದ್ರೆ ತಿರುಗ್ತವೆ. ಡಾಕ್ಟರಿಗೆ ತೋರಿಸಿ. ಆಮೇಲೆ ಆ ಫೋನು ಎತ್ತಿಡಿ."

"ಅದು ಹೇಗೆ ಎತ್ತಿಡಲಿ? ಅವನೇ ಆರಿಸ್ಕೊಂಡಿದ್ದು. ನೀನೂ ಇದ್ಯಲ್ಲ ಹಬ್ಬದಲ್ಲಿ."

"ಇದ್ದೆ. ಅದಕ್ಕೇ ಹೇಳ್ತಿರೋದು. ಮಗು ನಡೀಲಿ ಅಂತ ನಿಮ್ಮ ನಾದಿನಿ ಮಗಳು ಫೋನಲ್ಲಿ ಹಾಡು ಹಾಕಿ ಮೇಜಿನ ಮೇಲಿಟ್ಟಿದ್ಲು. ಅದು ಮಿನುಗ್ತಾ ಇತ್ತು, ಹಾಡ್ತಾ ಇತ್ತು. ಪಕ್ಕದಲ್ಲಿ ಕತ್ತರಿ ಸತ್ತೋದ ಹಾಗೆ ಬಿದ್ದಿತ್ತು. ಮಗು ಯಾವುದಕ್ಕೆ ಹೋಗುತ್ತೆ? ನಿಮ್ಮನೆ ಬೆಕ್ಕನ್ನ ಬಿಟ್ಟಿದ್ರೂ ಅಲ್ಲಿಗೇ ಹೋಗ್ತಿತ್ತು. ಆಗ ಬೆಕ್ಕನ್ನ ಇಂಜಿನಿಯರ್ ಮಾಡ್ತಿದ್ರಾ?"

"ನನ್ನ ಮೊಮ್ಮಗನ್ನ ಬೆಕ್ಕಿಗೆ ಹೋಲಿಸ್ತೀಯಾ ನೀನು?"

"ನನ್ನ ಮಗ ಬಾಚಣಿಗೆ ಎತ್ಕೊಂಡಿದ್ದ ಅಕ್ಕ. ಊರೆಲ್ಲ ಕ್ಷೌರದಂಗಡಿ ಇಡ್ತಾನೆ ಅಂದ್ರು. ಈಗ ಟ್ರ್ಯಾಕ್ಟರ್ ಓಡಿಸ್ತಾನೆ. ಬಾಚೋಕೆ ತಲೇಲಿ ಕೂದಲೂ ಇಲ್ಲ."

ಅಜ್ಜಿಗೆ ನಗು ಬಂತು. ಬಂದ ನಗುವನ್ನು ಸಿಟ್ಟಿನಲ್ಲಿ ನುಂಗಿದಳು. "ಹಣ್ಣಿಗೆ ಉಪಕಾರ ಆಯ್ತು," ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ಊರಿನಲ್ಲಿ ಅದು ಹೋಗಿ ಬಾ ಎಂದಂತೆ.

ಆದರೆ ಮಾತು ಒಳಗೆ ನಾಟಿತ್ತು. ಪಾತ್ರೆ ತೊಳೆಯುವಾಗ, ಕೋಳಿಗೆ ಕಾಳು ಹಾಕುವಾಗ ಅದೇ ಕಿವಿಯಲ್ಲಿ ಗುಯ್‌ಗುಟ್ಟುತ್ತಿತ್ತು. ನಿಮ್ಮನ್ನ ಏನಂತ ಕರೀತಾನೆ?

ಮಾರನೆಯ ದಿನ ಅವಳು ಒಂದು ಪರೀಕ್ಷೆ ಮಾಡಿದಳು. ಯಾವೋರ್ ಅಡುಗೆಮನೆಯಲ್ಲಿ ಫೋನು ನೋಡುತ್ತಿದ್ದಾಗ ಸದ್ದಿಲ್ಲದೆ ಹೋಗಿ ಉಗ್ರಾಣದ ಬಾಗಿಲ ಹಿಂದೆ ನಿಂತಳು. ನಾನು ಕಾಣದಿದ್ದರೆ ಹುಡುಕುತ್ತಾನೆ, ಹುಡುಕಿದರೆ ಕರೆಯಲೇಬೇಕು, ಎಂದು ಅವಳ ಲೆಕ್ಕ. ಅವನು ಹುಡುಕಲಿಲ್ಲ. ನಿಂತು ನಿಂತು ಅವಳ ಮೊಣಕಾಲು ನೋಯತೊಡಗಿತು. ಅಷ್ಟರಲ್ಲಿ ಫೋನಿನ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಯಾವೋರ್ ಕಿರುಚಿದ. ಕುರ್ಚಿಯಿಂದ ಇಳಿದು ಅಳುತ್ತ ಅವಳ ಕಡೆಗೇ ಬಂದ.

ಅಜ್ಜಿ ಬಾಗಿಲ ಹಿಂದಿನಿಂದ ಹೊರಬಂದು ಎರಡೂ ಕೈ ಚಾಚಿದಳು. "ಬಾ ನನ್ನಪ್ಪ, ಇಲ್ಲೇ ಇದೀನಿ."

ಅವನು ಅವಳ ಪಕ್ಕದಿಂದ ನುಸುಳಿ ಗೋಡೆಯ ಹತ್ತಿರ ಹೋದ. ಅಲ್ಲಿ ಚಾರ್ಜರಿನ ತಂತಿ ನೇತಾಡುತ್ತಿತ್ತು. ಅದನ್ನು ಎದೆಗೊತ್ತಿ ಹಿಡಿದುಕೊಂಡು ಅತ್ತ.

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ಅಜ್ಜಿಗೆ ತಿಳಿಯಲಿಲ್ಲ. ಸೊಸೆ ರಾಲಿತ್ಸಾ ಸಂಜೆ ಪಟ್ಟಣದ ಅಂಗಡಿ ಕೆಲಸ ಮುಗಿಸಿ ಬಂದಳು. ಅಜ್ಜಿ ಎಲ್ಲವನ್ನೂ ಹೇಳಿದಳು.

ರಾಲಿತ್ಸಾ ಚಪ್ಪಲಿ ಕೂಡ ಬಿಚ್ಚದೆ ಕೂತಳು. "ನನಗೂ ಅನ್ನಿಸ್ತಿತ್ತು ಅತ್ತೆ. ಹೇಳಿದ್ರೆ ನಿಮ್ಮನ್ನ ದೂರಿದ ಹಾಗೆ ಆಗುತ್ತೆ ಅಂತ ಬಾಯಿ ಮುಚ್ಕೊಂಡೆ. ಸುಸ್ತಾಗಿ ಬಂದಾಗ ನಾನೂ ಫೋನೇ ಕೊಡ್ತೀನಲ್ಲ."

"ನಾಳೆ ರಜೆ ಹಾಕು," ಎಂದಳು ಅಜ್ಜಿ. "ಪಟ್ಟಣಕ್ಕೆ ಹೋಗೋಣ."

ಮಕ್ಕಳ ಡಾಕ್ಟರ್ ವೆಲಿನೋವಾ ಅವಸರ ಮಾಡುವ ಹೆಂಗಸಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಸರಿಯಾಗಿತ್ತು. ಆಮೇಲೆ ಯಾವೋರ್ ಜೊತೆ ನೆಲದ ಮೇಲೆ ಕೂತು ಚೆಂಡು ಉರುಳಿಸಿದರು, ಅವನ ಮುಖ ನೋಡಿದರು, ಅವನು ತಮ್ಮ ಮುಖ ನೋಡುತ್ತಾನೋ ಎಂದು ಕಾದರು. ನಿದ್ದೆ ಹೇಗೆ ಎಂದು ಕೇಳಿದರು. ಮಲಗಿಸುವುದೇ ಕಷ್ಟ, ಮಲಗಿದರೂ ಬೆಚ್ಚಿ ಏಳುತ್ತಾನೆ, ಕಣ್ಣು ಉಜ್ಜುತ್ತಿರುತ್ತಾನೆ, ಹೊರಗೆ ಓಡಾಡುವುದೇ ಇಲ್ಲ ಎಂದಳು ರಾಲಿತ್ಸಾ.

"ಮಾತು ತಡ ಆಗೋಕೆ ಬೇರೆ ಕಾರಣಗಳೂ ಇರ್ತವೆ. ಅದಕ್ಕೇ ಮಾತು ಕಲಿಸೋ ತಜ್ಞರ ಹತ್ರಾನೂ ಕಳಿಸ್ತೀನಿ," ಎಂದರು ಡಾಕ್ಟರ್. "ಆದ್ರೆ ಮನೇಲಿ ಮಾಡಬೇಕಾದ ಕೆಲಸ ಇವತ್ತಿಂದಾನೇ ಶುರು. ಅಜ್ಜಿ, ಫೋನು ಎಷ್ಟೊಂದು ಮಾತಾಡುತ್ತೆ ಅಲ್ವಾ?"

"ಬಾಯಿ ಮುಚ್ಚೋದೇ ಇಲ್ಲ."

"ಅದು ಮಾತಾಡುತ್ತೆ, ಆದ್ರೆ ಮಗು ಏನನ್ನುತ್ತೆ ಅಂತ ಕಾಯಲ್ಲ. ಮಗು ನಗಾಡಿದ್ರೆ ತಿರುಗಿ ನಗಲ್ಲ. 'ಊಂ' ಅಂದ್ರೆ 'ಏನಪ್ಪ ಬೇಕು' ಅಂತ ಕೇಳಲ್ಲ. ಮಕ್ಕಳು ಮಾತು ಕಲಿಯೋದು ಆ ಕೊಟ್ಟು ತಗೊಳ್ಳೋದರಲ್ಲಿ. ಎರಡು ವರ್ಷ ಆಗೋವರೆಗೂ ದೂರದ ನೆಂಟರ ಮುಖ ನೋಡಿ ಮಾತಾಡಿಸೋದು ಬಿಟ್ರೆ ಪರದೆ ಬೇಡವೇ ಬೇಡ. ಇವನ ವಯಸ್ಸಿಗೆ ಇಡೀ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೇದು. ಊಟದ ಹೊತ್ತಲ್ಲಿ, ಮಲಗೋ ಮುಂಚೆ ಬೇಡ. ಇವನಿಗೆ ಸದ್ಯಕ್ಕೆ ಪೂರ್ತಿ ನಿಲ್ಲಿಸಿ ನೋಡೋಣ."

"ಹಾಗಾದ್ರೆ ಊಟ?" ಎಂದಳು ಅಜ್ಜಿ.

"ಹಸಿವಾದ್ರೆ ತಿಂತಾನೆ. ಚೆಲ್ಲಲಿ ಬಿಡಿ. ಊಟಕ್ಕೆ ಕೂತಾಗ ನೀವು ಮಾತಾಡಿ."

ಮನೆಗೆ ಬಂದರೆ ಗೆಂಚೋ ತಾತ ಒಪ್ಪಲಿಲ್ಲ. ತನ್ನ ಫೋನಿನಲ್ಲಿ ಇಸ್ಪೀಟು ಆಡುತ್ತಲೇ ಗೊಣಗಿದ. "ನಾವೂ ಚಿಕ್ಕಂದಿನಲ್ಲಿ ಟಿವಿ ನೋಡ್ಲಿಲ್ವಾ? ನಮಗೇನಾಗಿದೆ?"

ಬೇಲಿಯಾಚೆಯಿಂದ ಪೆನ್ಕಾಳನ್ನು ಕರೆದುಕೊಂಡು ಬಂದಿದ್ದ ನೆದೆಲ್ಯಾ ಅವಳ ಮುಖ ನೋಡಿದಳು. ಹಣ್ಣಿನ ಬುಟ್ಟಿಯ ಸಿಟ್ಟು ಇಬ್ಬರೂ ಮರೆತಾಗಿತ್ತು.

"ನಿಮ್ಮ ಕಾಲದಲ್ಲಿ ಮಕ್ಕಳ ಕಾರ್ಯಕ್ರಮ ಸಂಜೆ ಒಂಚೂರು ಹೊತ್ತು ಬರ್ತಿತ್ತು ಗೆಂಚೋ ಭಾವ," ಎಂದಳು ಪೆನ್ಕಾ. "ಮುಗೀತು, ಹೋಗಿ ಮಲ್ಕೊಳಿ ಅಂತ ಅದೇ ಹೇಳ್ತಿತ್ತು. ಇದು ಯಾವತ್ತಾದ್ರೂ ಮುಗೀತು ಅಂದಿದೆಯಾ? ಒಂದು ಮುಗಿಯೋ ಮುಂಚೆ ಇನ್ನೊಂದು ತಾನೇ ಶುರುವಾಗುತ್ತೆ. ನೀವೇ ಹೇಳಿ, ಒಂದೇ ಆಟ ಅಂತ ಕೂತೋರು ಎಷ್ಟು ಆಟ ಆಡಿದ್ರಿ ಈಗ?"

ತಾತ ಫೋನನ್ನು ಮೆಲ್ಲಗೆ ಮಗುಚಿಟ್ಟ.

"ಇನ್ನೊಂದು ಮಾತು," ಎಂದಳು ಪೆನ್ಕಾ. "ಮಗು ಒಬ್ಬನೇ ಬಿಡಬೇಕು ಅಂದ್ರೆ ಆಗಲ್ಲ. ಮನೆಯೋರೆಲ್ಲ ಬಿಡಬೇಕು. ಅವನು ಎದ್ದಿರೋ ಹೊತ್ತಲ್ಲಿ ಯಾರ ಕೈಯಲ್ಲೂ ಕಾಣಬಾರದು. ಆ ಟಿವಿನೂ ಅಷ್ಟೇ ಅಕ್ಕ."

ನೆದೆಲ್ಯಾ ಟಿವಿಯ ಕಡೆ ತಿರುಗಿ ನೋಡಿದಳು. ಮಧ್ಯಾಹ್ನದ ತುರ್ಕಿ ಧಾರಾವಾಹಿಯಲ್ಲಿ ಆ ವಕೀಲ ಆ ಹುಡುಗಿಯ ಕೈ ಹಿಡಿಯುತ್ತಾನೋ ಇಲ್ಲವೋ ಎಂಬುದು ಆ ವಾರವೇ ಗೊತ್ತಾಗುವುದಿತ್ತು.

"ಮದುವೆ ಆದ್ರೆ ನಾನೇ ಬಂದು ಹೇಳ್ತೀನಿ," ಎಂದಳು ಪೆನ್ಕಾ.

ಒಲೆಯ ಪಕ್ಕ ಮುಚ್ಚಳವಿದ್ದ ದೊಡ್ಡ ಮಣ್ಣಿನ ಗಡಿಗೆಯೊಂದಿತ್ತು. ಅಂದಿನಿಂದ ಎಲ್ಲರ ಫೋನೂ ಅದರೊಳಗೆ. ಮೊದಲ ರಾತ್ರಿ ಊಟದ ನಡುವೆ ಗಡಿಗೆ ಟ್ರಿಣ್ ಎಂದಿತು. ತಾತ ಎದ್ದ.

"ಕೂತ್ಕೋ," ಎಂದಳು ನೆದೆಲ್ಯಾ. "ಫೋನು ಬಂದಿರೋದು ಗಡಿಗೆಗೆ. ನಿನಗಲ್ಲ."

ನಗುವುದೇನೋ ಸುಲಭ. ಆ ಮೊದಲ ದಿನಗಳು ಸುಲಭವಾಗಿರಲಿಲ್ಲ. ಯಾವೋರ್ ಚಮಚ ಎಸೆದ, ತಟ್ಟೆ ತಳ್ಳಿದ, ನೆಲದ ಮೇಲೆ ಬಿದ್ದು ಹೊರಳಾಡಿದ. ಬೀದಿಗೆಲ್ಲ ಕೇಳುವಂತೆ ಅತ್ತ. ಒಂದು ಮಧ್ಯಾಹ್ನ ಏನೂ ತಿನ್ನದೆ ಅತ್ತು ಅತ್ತು ಬಿಕ್ಕಿದಾಗ ಅಜ್ಜಿಯ ಕೈ ತಾನಾಗಿ ಗಡಿಗೆಯ ಮುಚ್ಚಳದ ಮೇಲೆ ಹೋಯಿತು. ರಜೆಯಲ್ಲಿ ಮನೆಯಲ್ಲಿದ್ದ ರಾಲಿತ್ಸಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಬೇಡ ಅತ್ತೆ. ಈಗ ಕೊಟ್ರೆ, ಅತ್ರೆ ಸಿಗುತ್ತೆ ಅಂತ ಕಲೀತಾನೆ."

"ಹೊಟ್ಟೆ ಉರಿಯುತ್ತೆ ಕಣೇ."

"ನನಗೂ ಉರಿಯುತ್ತೆ."

ಇಬ್ಬರೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವನು ಅಳುವಷ್ಟು ಅತ್ತ. ಕೊನೆಗೆ ಸುಸ್ತಾಗಿ ಅಮ್ಮನ ತೊಡೆಯ ಮೇಲೆ ತಲೆ ಇಟ್ಟ. ಆ ರಾತ್ರಿ ಬೇಗ ಮಲಗಿದ.

ಮುಂದೆ ಕೆಂಪು ದೊಣ್ಣೆಮೆಣಸಿನಕಾಯಿಯ ಕಾಲ ಬಂತು. ಆ ದಿನಗಳಲ್ಲಿ ಹಳ್ಳಿಯ ಎಲ್ಲ ಅಂಗಳದಲ್ಲೂ ಹೊಗೆ, ಎಲ್ಲ ಅಂಗಳದಲ್ಲೂ ಘಮ. ಮೂಟೆಗಟ್ಟಲೆ ಕಾಯಿಯನ್ನು ತಗಡಿನ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಅರೆದು, ಟೊಮೇಟೊ ಜೊತೆ ಕುದಿಸಿ, ಚಳಿಗಾಲಕ್ಕೆಂದು ಗೊಜ್ಜು ಮಾಡಿ ಭರಣಿಗೆ ತುಂಬುತ್ತಾರೆ. ಮನೆಯವರೆಲ್ಲ ಇಡೀ ದಿನ ಅದರಲ್ಲೇ ಮುಳುಗಿರುವುದರಿಂದ ಮಕ್ಕಳ ಕೈಗೆ ಫೋನು ಕೊಟ್ಟು ಮೂಲೆಯಲ್ಲಿ ಕೂರಿಸುವುದು ವಾಡಿಕೆ. ಹಿಂದಿನ ವರ್ಷ ಯಾವೋರ್ ಕೂಡ ಹಾಗೇ ಕೂತಿದ್ದ.

ಈ ಸಲ ಅಜ್ಜಿ ಬೆಂಕಿಯಿಂದ ದೂರ, ಸುಲಿಯುವವರ ನಡುವೆ ಅವನಿಗೊಂದು ಮಣೆ ಹಾಕಿದಳು. ಸುಲಿಯುವ ಕೆಲಸದ ಚೆಂದವೇ ಅದು, ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಯಾರ ಮಗಳು ಯಾರನ್ನು ಬಿಟ್ಟಳು, ಯಾರ ಹಂದಿ ಯಾರ ತೋಟಕ್ಕೆ ನುಗ್ಗಿತು, ಎಲ್ಲ ಸುದ್ದಿಯೂ ಅಲ್ಲೇ ಸಿಪ್ಪೆ ಬಿಚ್ಚುತ್ತದೆ. ಯಾವೋರ್ ಕೆಲಸವೆಂದರೆ ಅಜ್ಜಿ ಕೊಟ್ಟ ಕಾಯಿಯ ತೊಟ್ಟನ್ನು ಬಕೆಟಿಗೆ ಹಾಕುವುದು. ಪ್ರತಿ ತೊಟ್ಟಿಗೂ ಅಜ್ಜಿ ಒಂದು ಮಾತು ಸೇರಿಸಿ ಕೊಡುತ್ತಿದ್ದಳು. "ತಗೋ, ಇದು ದೊಡ್ಡದು. ಹಾಕು. ಬಿತ್ತಾ? ಬಿತ್ತು. ಇದು ಸಣ್ಣದು. ಇದು ಗೆಂಚೋ ತಾತನ ಮೂಗಿನ ಹಾಗೆ ಸೊಟ್ಟ." ಒಂದೊಂದು ಮಾತಿನ ನಂತರವೂ ಡಾಕ್ಟರ್ ಹೇಳಿದ್ದಂತೆ ನಿಂತು ಅವನ ಮುಖ ನೋಡಿ ಕಾಯುತ್ತಿದ್ದಳು. ಮಾತು ಬರಲಿಲ್ಲ. ಮತ್ತೆ ಹೇಳುತ್ತಿದ್ದಳು, ಮತ್ತೆ ಕಾಯುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವನೇ ಕೈ ಹಾಕಿ ರಾಶಿಯಿಂದ ಕಾಯಿಯೊಂದನ್ನು ಎತ್ತಿಕೊಂಡ. ಅದಿನ್ನೂ ಬೆಚ್ಚಗಿತ್ತು. ಥಟ್ಟನೆ ಬಿಟ್ಟು, ಬೆರಳು ಚಾಚಿ, ಅಜ್ಜಿಯ ಮುಖವನ್ನೇ ನೋಡಿದ.

"ಬಿಸಿ," ಎಂದ.

ಸುಲಿಯುತ್ತಿದ್ದವರ ಕೈಗಳು ನಿಂತವು. ಅಜ್ಜಿಗೆ ಕಿರುಚಿಕೊಳ್ಳಬೇಕೆನ್ನಿಸಿತು. ಪೆನ್ಕಾ ಕಣ್ಣಿನಲ್ಲೇ ತಡೆದಳು.

"ಹೌದಪ್ಪ, ಬಿಸಿ," ಎಂದಳು ಅಜ್ಜಿ. "ಊದೋಣವಾ? ಉಫ್."

"ಉಫ್," ಎಂದ ಯಾವೋರ್.

ಹೊಗೆ ಕಣ್ಣಿಗೆ ಹೋಯಿತೆಂದು ತಾತ ಮನೆಯ ಹಿಂದಕ್ಕೆ ನಡೆದ. ಹೊಗೆ ಬೇರೆ ಕಡೆಗೆ ಹೋಗುತ್ತಿತ್ತು.

ಆಮೇಲೆ ಮಾತು ಒಂದೊಂದಾಗಿ ಬಂತು. ವಾರಕ್ಕೊಮ್ಮೆ ಪ್ಲಾಮೆನ್ ಮಗನನ್ನು ಪಟ್ಟಣದ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಅವರು ಹೇಳಿಕೊಟ್ಟ ಆಟಗಳನ್ನು ಮನೆಯಲ್ಲಿ ಎಲ್ಲರೂ ಆಡಿಸುತ್ತಿದ್ದರು. ಯಾವೋರ್ ತೋಟದಲ್ಲಿ ಅಕ್ರೋಟು ಹೆಕ್ಕಿದ, ಕೆಸರಿನಲ್ಲಿ ಬಿದ್ದ, ಕೋಳಿ ಓಡಿಸಿದ. ಮೂಗಿನ ತುದಿಯವರೆಗೂ ಸಾರು ಮೆತ್ತಿಕೊಂಡು ತಾನೇ ತಿಂದ. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಬೆಳಗಿನವರೆಗೂ ಎಚ್ಚರವಿಲ್ಲ. "ಕೊಡು" ಬಂತು, "ಅಮ್ಮ" ಬಂತು. ರಾಲಿತ್ಸಾ ಆ ದಿನ ಅಂಗಡಿಗೆ ತಡವಾಗಿ ಹೋದಳು. ಒಂದು ಬೆಳಿಗ್ಗೆ "ತಾತ" ಕೂಡ ಬಂತು.

ಗೆಂಚೋನ ಜಂಬ ಹೇಳತೀರದು. "ನೋಡು, ನಾನು ಏನೂ ಕಲಿಸಿಲ್ಲ. ಸುಮ್ನೆ ಕೂತಿದ್ದೆ. ತಾನಾಗೇ ಬಂತು."

"ಸುಮ್ನೆ ಕೂರೋದರಲ್ಲಿ ನಿನ್ನ ಮೀರಿಸೋರು ಯಾರಿದಾರೆ," ಎಂದಳು ನೆದೆಲ್ಯಾ. ನಗುತ್ತಲೇ ಹೇಳಿದಳು. ಆದರೆ ಇಡೀ ದಿನ ಜೊತೆಗಿರುವ ತನ್ನ ಹೆಸರು ಮಾತ್ರ ಅವನ ಬಾಯಿಗೆ ಬರುತ್ತಿಲ್ಲವೆಂಬುದು ಮುಳ್ಳಿನಂತೆ ಒಳಗೇ ಇತ್ತು.

ಒಂದು ಸಲ ಅವಳು ಜಾರಿದ್ದೂ ಉಂಟು. ಎಲೆಕೋಸು ಉಪ್ಪಿನಲ್ಲಿ ಹಾಕುವ ದಿನ, ಹೊರಗೆ ಮಳೆ, ಒಳಗೆ ಯಾವೋರ್ ರಂಪ. ಸ್ವಲ್ಪ ಹೊತ್ತು ತಾನೆ ಎಂದು ಟಿವಿಯಲ್ಲಿ ಬೊಂಬೆಯಾಟ ಹಾಕಿ ಕೆಲಸಕ್ಕೆ ಹೋದಳು. ಸ್ವಲ್ಪ ಹೊತ್ತು ಮಧ್ಯಾಹ್ನವೆಲ್ಲ ಆಯಿತು, ಟಿವಿ ಆರಿಸಿದಾಗ ಹಳೆಯ ಅಳುವೇ ಮರಳಿತು. ಬೇಲಿಯ ಹತ್ತಿರ ಪೆನ್ಕಾಳಿಗೆ ಹೇಳಿಕೊಂಡಾಗ ಅವಳು ಬೈಯಲಿಲ್ಲ. "ಒಂದು ದಿನ ಜಾರಿದ್ರೆ ನಾಳೆ ಎದ್ದು ನಿಂತ್ರಾಯ್ತು. ಮುಂದೆ ಯಾವತ್ತಾದ್ರೂ ತೋರಿಸೋದಾದ್ರೆ ಒಂದು ಕಥೆ ಮಾತ್ರ, ಅದೂ ಪಕ್ಕದಲ್ಲಿ ಕೂತು. ಅಯ್ಯೋ ಕರಡಿ ಎಲ್ಲಿ ಹೋಯ್ತು, ಈಗೇನು ಮಾಡುತ್ತೆ, ಅಂತ ಕೇಳ್ತಾ ಇರಿ. ಮುಗಿದ ತಕ್ಷಣ ನೀವೇ ಆರಿಸಿ," ಎಂದಳು.

ಹೊಸ ವರ್ಷದ ಬೆಳಿಗ್ಗೆ ಹಳ್ಳಿಯೆಲ್ಲ ಹಿಮ. ಆ ದಿನ ಮಕ್ಕಳು ಉಣ್ಣೆ, ಒಣಹಣ್ಣು ಕಟ್ಟಿ ಸಿಂಗರಿಸಿದ ಕೊಂಬೆ ಹಿಡಿದು ಮನೆಮನೆಗೆ ಹೋಗುತ್ತಾರೆ. ದೊಡ್ಡವರ ಬೆನ್ನಿಗೆ ಮೆಲ್ಲಗೆ ಬಡಿದು, ವರ್ಷವೆಲ್ಲ ಗಟ್ಟಿಯಾಗಿರಿ ಎಂದು ಹಾರೈಸುತ್ತಾರೆ. ಬೀದಿಯ ಮಕ್ಕಳೆಲ್ಲ ಕೆಂಪು ಮೂಗಿನಲ್ಲಿ ನೆದೆಲ್ಯಾಳ ಮನೆಗೆ ನುಗ್ಗಿದರು. ಹಿಂದೆಯೇ ಪೆನ್ಕಾ. ಮಕ್ಕಳು ಹಾರೈಕೆಯನ್ನು ಗಡಗಡ ಒಪ್ಪಿಸಿ, ಬಡಿದು, ಸಿಹಿರೊಟ್ಟಿ, ಅಕ್ರೋಟು ಜೇಬಿಗೆ ತುಂಬಿಕೊಂಡರು.

ಎಲ್ಲರ ಹಿಂದೆ ಯಾವೋರ್ ನಿಂತಿದ್ದ. ಅಪ್ಪ ಕಟ್ಟಿಕೊಟ್ಟ ಕೊಂಬೆ ಅವನಿಗಿಂತ ಉದ್ದವಿತ್ತು. ಅವನಿಗೆ ಹಾರೈಕೆಯ ಪದ್ಯ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳಲೂ ಇಲ್ಲ. ಅಜ್ಜಿ ಸಿಹಿರೊಟ್ಟಿಯ ತಟ್ಟೆ ಹಿಡಿದು ಪೆನ್ಕಾಳ ಜೊತೆ ಮಾತಾಡುತ್ತಿದ್ದಳು. ಅವನು ಹಿಂದಿನಿಂದ ಬಂದು ಕೊಂಬೆ ಎತ್ತಿದ. ಅದು ಅವಳ ಮೊಣಕಾಲಿನ ಮೇಲಕ್ಕೆ ಹೋಗಲಿಲ್ಲ. ಮತ್ತೆ ಎತ್ತಿದ. ಆಗಲಿಲ್ಲ. ಸುತ್ತಿ ಅವಳ ಮುಂದೆ ಬಂದು ನಿಂತು, ಕತ್ತು ಮೇಲೆತ್ತಿ ನೆಟ್ಟಗೆ ಅವಳ ಕಣ್ಣು ನೋಡಿದ.

"ಅಜ್ಜಿ, ಬಗ್ಗು."

ಯಾರೋ ಅಕ್ರೋಟು ಒಡೆಯುವುದನ್ನು ನಿಲ್ಲಿಸಿದರು. ನೆದೆಲ್ಯಾ ತಟ್ಟೆಯನ್ನು ಪೆನ್ಕಾಳ ಕೈಗೆ ಕೊಟ್ಟು, ಮೊಣಕಾಲ ನೋವು ಮರೆತು, ನೆಲಕ್ಕೆ ಕೈಯೂರಿ ಬಗ್ಗಿದಳು. ಮೆಲ್ಲಗೆ ಬಡಿಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಚೆನ್ನಾಗಿಯೇ ಬಡಿದ. ಒಣಹಣ್ಣು ಉದುರಿ ನೆಲದ ತುಂಬ ಹರಡಿತು.

"ಸಾಕೇನಪ್ಪ?" ಎಂದಳು ಅಜ್ಜಿ ಬಗ್ಗಿದಲ್ಲಿಂದಲೇ.

"ಸಾಲ್ದು. ಅಜ್ಜಿ, ಇನ್ನೂ ಬಗ್ಗು."

ಮನೆಯೆಲ್ಲ ನಗುವಿನಲ್ಲಿ ಅದುರಿತು. ರಾಲಿತ್ಸಾ ಗಂಡನ ತೋಳು ಹಿಡಿದು ಅಳುತ್ತ ನಗುತ್ತಿದ್ದಳು. ಪೆನ್ಕಾ ತಟ್ಟೆ ಹಿಡಿದುಕೊಂಡೇ ಚಪ್ಪಾಳೆ ಹೊಡೆಯಲು ಹೋಗಿ ಸಿಹಿರೊಟ್ಟಿಯನ್ನೆಲ್ಲ ಬೀಳಿಸಿದಳು. ಯಾವೋರ್ ಅಜ್ಜಿಯನ್ನು ಮುಗಿಸಿ ತಾತನ ಮುಂದೆ ನಿಂತ. "ತಾತ, ನೀನೂ," ಎಂದ. ಅಲ್ಲಿಂದ ಬೀದಿಯ ಮಕ್ಕಳ ಹಿಂದೆ ಹಿಮದಲ್ಲಿ ಓಡಿದ. ಆ ದಿನ ಆ ಬೀದಿಯಲ್ಲಿ ದೊಡ್ಡವರೆಂದು ಇದ್ದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿದರು. ಬೆನ್ನು ಉಜ್ಜಿಕೊಳ್ಳುತ್ತ ನೆದೆಲ್ಯಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪ್ರತಿ ಅಂಗಳದಿಂದಲೂ ಅದೇ ಪುಟ್ಟ ದನಿ ಅಪ್ಪಣೆ ಕೊಡುತ್ತಿತ್ತು.

ಇದನ್ನು ಓದುತ್ತಿರುವ ಅಮ್ಮ, ಅಪ್ಪ, ಅಜ್ಜಿ, ತಾತ, ನಿಮ್ಮ ಮನೆಯಲ್ಲೂ ಫೋನು ಹಿಡಿದು ಊಟ ಮಾಡುವ ಮಗು ಇರಬಹುದು. ತಪ್ಪು ಯಾರದು ಎಂದು ಕೂತು ಎಣಿಸಬೇಡಿ, ಅದರಿಂದ ಮಗುವಿಗೆ ಏನೂ ಸಿಗುವುದಿಲ್ಲ. ಇವತ್ತಿನ ರಾತ್ರಿ ಊಟದಿಂದಲೇ ಶುರು ಮಾಡಿ. ನಿಮ್ಮ ಫೋನನ್ನು ಮೊದಲು ಎತ್ತಿಡಿ, ಆಮೇಲೆ ಮಗುವಿನದನ್ನು. ಅಳುತ್ತದೆ, ಪಕ್ಕದಲ್ಲಿ ಕೂತು ತಡೆದುಕೊಳ್ಳಿ. ಕೈಗೆ ಒಂದು ಕೆಲಸ ಕೊಡಿ. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಿಸುವಾಗ ಜೊತೆಗೆ ಕೂರಿಸಿಕೊಂಡು ಮಾತಾಡಿ, ಮಾತಾಡಿ ಕಾಯಿರಿ. ಬಿಸಿಲಲ್ಲಿ, ಮಣ್ಣಲ್ಲಿ ಆಡಲು ಬಿಡಿ. ಮಲಗುವ ಮುಂಚೆ ಪರದೆ ಬೇಡ, ನಿಮ್ಮ ಬಾಯಿಂದಲೇ ಒಂದು ಕಥೆ ಇರಲಿ. ಮಗು ಕರೆದರೆ ತಿರುಗುವುದಿಲ್ಲ, ವಯಸ್ಸಿಗೆ ತಕ್ಕ ಮಾತು ಬಂದಿಲ್ಲ ಎನ್ನಿಸಿದರೆ, ಬರುತ್ತೆ ಬಿಡು ಎಂದು ದಿನ ತಳ್ಳದೆ ಹತ್ತಿರದ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿಮ್ಮ ಮನೆಯ ಮಗು ಹೇಳಬೇಕೆಂದಿರುವ ಮಾತು ಬೇಕಾದಷ್ಟಿದೆ. ಅದನ್ನು ಕೇಳಲು ಒಂದು ಮುಖ ಬೇಕು. ಆ ಮುಖ ನಿಮ್ಮದಾಗಲಿ.